ಹದಿನೇಳನೆಯ ಕಚ್ಚು

"ಅದನ್ನ ತೆರೆಯೂದಲ್ಲ," ಎಂದಳು ಕಾಳಿಯಜ್ಜಿ. "ಮನೆಯವ್ರೂ ತೆರೆಯೂದಲ್ಲ, ಊರಿನವ್ರೂ ತೆರೆಯೂದಲ್ಲ. ಮುಚ್ಚಿದ್ದು ಮುಚ್ಚಿದ್ದೇ."

ಭಟ್ಕಳದ ಹತ್ತಿರ ತೆಂಗಿನಗುಂಡಿಯ ಆ ಮನೆಯ ಅಂಗಳದಲ್ಲಿ ಸಬ್ ಇನ್ಸ್‌ಪೆಕ್ಟರ್ ವಿನುತಾ ಮಣೆಯ ಮೇಲೆ ಕುಳಿತು, ತನ್ನ ಮೊಬೈಲನ್ನು ಮುದುಕಿಯ ಕಣ್ಣಿಗೆ ಹತ್ತಿರ ಹಿಡಿದಿದ್ದಳು. ಪರದೆಯ ಮೇಲೆ ಒಂದು ಕೋಲಿನ ಫೋಟೋ. ಎರಡೂವರೆ ಮೊಳದ ಸಾಗುವಾನಿ ಕೋಲು. ಅದರ ಒಂದು ಮೈಯುದ್ದಕ್ಕೂ ಸಾಲಾಗಿ ಕೊರೆದ ಮೂವತ್ತೊಂದು ಕಚ್ಚುಗಳು. ಹದಿನೇಳನೆಯದಕ್ಕೆ ಮಾತ್ರ ಕಪ್ಪು ರಾಳ ತುಂಬಿ ಮುಚ್ಚಿತ್ತು.

ಅಜ್ಜಿಗೆ ಎಂಬತ್ತೆರಡು. ಕಣ್ಣು ಅರ್ಧಕ್ಕರ್ಧ ಹೋಗಿದೆ. ಆದರೂ ಹೆಬ್ಬೆರಳು ಪರದೆಯ ಮೇಲೆ ಸರಿದು, ಎಣಿಸದೆಯೇ ಹದಿನೇಳರ ಮೇಲೆ ಬಂದು ನಿಂತಿತು. ಆ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಏಳು ವರ್ಷದವಳಿದ್ದಾಗ ಅಜ್ಜನಿಗೆ ಮರ ಹಿಡಿದುಕೊಡಲು ಹೋಗಿ ಬಾಚಿಯ ಏಟು ತಿಂದದ್ದಂತೆ. ಅಂದಿನಿಂದ ಅದು ಎರಡು ಹೋಳಾಗಿಯೇ ಬೆಳೆಯುತ್ತಿದೆ.

ಸೋಮವಾರ ಸಂಜೆ ಕುಮಟೆಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರ ನಿತ್ಯಾನಂದ ಶಾನಭಾಗರನ್ನು ಅವರ ಮೇಜಿನ ಪಕ್ಕದಲ್ಲೇ ಯಾರೋ ತಲೆಗೆ ಹೊಡೆದು ಕೊಂದಿದ್ದರು. ಹೊಡೆದದ್ದು ಕಾಳಿಯಜ್ಜಿಯ ಮೊಮ್ಮಗ ಹರೀಶ ಉಳಿ ಬಡಿಯುವ ಮರದ ಕೊಡತಿಯಿಂದ. ಕಾಣೆಯಾದದ್ದು ಈ ಕೋಲು.

ಅಂದೇ ರಾತ್ರಿ ಹನ್ನೊಂದಕ್ಕೆ ದೋಣಿ ಕಟ್ಟುವ ಚಪ್ಪರದಲ್ಲಿ ಹರೀಶನಿಗೆ ಬೇಡಿ ಹಾಕಿದವಳು ವಿನುತಾಳೇ. ಅವನು ಕೈ ಮುಂದೆ ಚಾಚಿದ, ಅಷ್ಟೆ. ಯಾಕೆ ಎಂದು ಕೇಳಲಿಲ್ಲ, ನಾನಲ್ಲ ಎನ್ನಲಿಲ್ಲ. ಮೂರು ದಿನದಿಂದ ಬಾಯಿಗೆ ಬೀಗ ಹಾಕಿ ಕುಳಿತಿದ್ದಾನೆ. ಇಂದು ಗುರುವಾರ ಸಂಜೆ ಐದಕ್ಕೆ ಪೊಲೀಸ್ ಕಸ್ಟಡಿ ಮುಗಿಯುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಅಲ್ಲಿಂದ ನೇರ ಕಾರವಾರದ ಜೈಲು. ಆಮೇಲೆ ಅವನು ಹೊರಗೆ ಬರಲು ಎಷ್ಟು ವರ್ಷ ಬೇಕೋ, ಅಷ್ಟರಲ್ಲಿ ಈ ಮುದುಕಿ ಇರುತ್ತಾಳೋ ಇಲ್ಲವೋ.

ಹರೀಶ ಕೊಂದಿಲ್ಲ ಎಂದು ವಿನುತಾಳಿಗೆ ಅನ್ನಿಸಿತ್ತು. ಆದರೆ ಪೊಲೀಸರ ಅನ್ನಿಸಿಕೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನಾದರೂ ಬೇಕಿತ್ತು. ಅದು ಇವತ್ತು ಬೆಳಿಗ್ಗೆ ಇಂಗ್ಲೆಂಡಿನಿಂದ ಬಂತು.

ಮಾಸ್ತರ ಹುಚ್ಚನ್ನು ಕುಮಟೆ ನಗುತ್ತಲೇ ಸಹಿಸಿಕೊಂಡಿತ್ತು. ಪಿಂಚಣಿ ಬಂದವರು ತೀರ್ಥಯಾತ್ರೆ ಮಾಡುತ್ತಾರೆ, ಇಲ್ಲವೆ ಮಕ್ಕಳ ಮನೆಯಲ್ಲಿ ಟಿ.ವಿ. ನೋಡುತ್ತಾರೆ. ಇವರು ನೂರು ವರ್ಷದ ಹಿಂದೆ ಮುಚ್ಚಿಹೋದ ಬ್ರಿಟಿಷ್ ವಿಮಾನ ಕಂಪನಿಯೊಂದರ ನಂಬರುಗಳನ್ನು ಹುಡುಕುತ್ತಿದ್ದರು.

ಥಾರ್ನ್‌ಬಿ ಅಂಡ್ ಪೈಕ್ ಎಂದು ಆ ಕಂಪನಿಯ ಹೆಸರು. ನೀರಿನ ಮೇಲೆ ಇಳಿಯುವ, ದೋಣಿಯಂಥ ಹೊಟ್ಟೆಯ ವಿಮಾನಗಳನ್ನು ಮಾತ್ರ ಮಾಡುತ್ತಿದ್ದರು. ಪ್ರತಿಯೊಂದು ವಿನ್ಯಾಸಕ್ಕೂ ಒಂದು ನಂಬರು, ಒಂದರಿಂದ ಮೂವತ್ತೊಂದರವರೆಗೆ. ಕಂಪನಿಯ ಕಚೇರಿಗೆ ಬೆಂಕಿ ಬಿದ್ದು ರಿಜಿಸ್ಟರು ಸುಟ್ಟುಹೋದ ಮೇಲೆ ಒಂಬತ್ತು ನಂಬರುಗಳು ಬರಿದಾಗಿ ಉಳಿದವು. ಯಾವ ನಂಬರು ಯಾವ ವಿಮಾನದ್ದು, ಅದು ಹಾರಿತ್ತೋ ಇಲ್ಲವೋ, ಹೇಳುವವರಿಲ್ಲ. ಇಂಗ್ಲೆಂಡಿನಲ್ಲಿ ಹವ್ಯಾಸಿಗಳ ಒಂದು ಸಂಘ ಎಷ್ಟೋ ವರ್ಷಗಳಿಂದ ಆ ಪಟ್ಟಿಯನ್ನು ತುಂಬಿಸುತ್ತಿತ್ತು.

ಆ ಕಂಪನಿಗೂ ಭಟ್ಕಳದ ಸೀಮೆಗೂ ಏನು ಸಂಬಂಧ? ಸಂಬಂಧ ಕಾಳಿಯಜ್ಜಿಯ ಅಜ್ಜ ಜಟ್ಟಿ. ವಿಮಾನಕ್ಕೆ ದೋಣಿಯ ಹೊಟ್ಟೆ ಬೇಕಾದರೆ ದೋಣಿ ಕಟ್ಟುವವನೇ ಬೇಕಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಜಟ್ಟಿಯ ಕೈಚಳಕ ಕಂಡು ಕಂಪನಿಯವರು ಅವನನ್ನು ಹಡಗು ಹತ್ತಿಸಿ ಕರೆದೊಯ್ದಿದ್ದರು. ಕೆಲವು ವರ್ಷಗಳ ನಂತರ ಅವನು ಹಿಂದೆ ಬಂದಾಗ ತಂದದ್ದು ಒಂದು ಕಂಬಳಿ, ಒಂದು ಕೆಮ್ಮು, ಈ ಅಳತೆಕೋಲು.

ನಕ್ಷೆ ನೋಡಿ ದೋಣಿ ಕಟ್ಟುವ ಅಭ್ಯಾಸ ಈ ಕರಾವಳಿಯ ಹಳಬರಿಗೆ ಇರಲಿಲ್ಲ. ಅವರಿಗೆ ಕೋಲೇ ಕಡತ. ಕಟ್ಟಿದ ಒಂದೊಂದು ದೋಣಿಗೂ ಒಂದೊಂದು ಕಚ್ಚು. ಕಚ್ಚಿನ ಒಳಗೆ ಸಣ್ಣ ಗೀರುಗಳು, ಎಷ್ಟು ಮೊಳ, ಎಷ್ಟು ಬೆರಳು ಎಂದು. ಜಟ್ಟಿ ಪರದೇಶಕ್ಕೆ ಹೋದರೂ ಕೈಯ ರೂಢಿ ಬಿಡಲಿಲ್ಲ. ಹೋದ ಮೇಲೆ ತಾನೇ ಕಟ್ಟಿದ್ದನ್ನೂ, ಅದಕ್ಕೆ ಮೊದಲು ಕಂಪನಿಯಲ್ಲಿ ಬೇರೆಯವರು ಕಟ್ಟಿದ್ದ ಹೊಟ್ಟೆಗಳನ್ನು ಅಳೆದದ್ದನ್ನೂ ಕ್ರಮವಾಗಿ ಕೋಲಿಗೆ ಏರಿಸಿದ್ದ. ಇಂಗ್ಲೆಂಡಿನಲ್ಲಿ ಸುಟ್ಟುಹೋದ ರಿಜಿಸ್ಟರು ತೆಂಗಿನಗುಂಡಿಯ ಮಾಡಿನ ಸಂದಿಯಲ್ಲಿ ನೂರು ವರ್ಷ ಹೊಗೆ ಕುಡಿಯುತ್ತ ಕುಳಿತಿತ್ತು.

ಮನೆಯವರಿಂದ ಎರವಲು ಪಡೆದ ಆ ಕೋಲನ್ನು ಓದಿ ಮಾಸ್ತರು ಎಂಟು ನಂಬರು ತುಂಬಿಸಿದರು. ಹದಿನೇಳು ಮಾತ್ರ ಉಳಿಯಿತು. ಅವರ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: "೧೭ – ಮುಚ್ಚಿದೆ. ಬೇರೆ ಯಾವ ಆಧಾರವೂ ಜಗತ್ತಿನಲ್ಲಿ ಉಳಿದಿಲ್ಲ. ತೆರೆಯಬಾರದು."

"ಎಂತಕ್ಕೆ ಮುಚ್ಚಿದ್ದು ಅಜ್ಜಿ?"

"ಜೀವ ತಕ್ಕಂಡ ದೋಣಿ ಅದು. ನಮ್ಮಲ್ಲಿ ಹಾಂಗೇ. ಕಟ್ಟಿದ ದೋಣಿ ಜೀವ ತಕ್ಕಂಡ್ರೆ ಕಟ್ಟಿದವ್ನೇ ರಾಳ ಕಾಸಿ ಆ ಕಚ್ಚು ತುಂಬೂದು. ಮತ್ತೆ ಆ ಅಳತೆ ಯಾರೂ ನೋಡೂದಲ್ಲ, ಆ ಅಳತೆಗೆ ಇನ್ನೊಂದು ಕಟ್ಟೂದಲ್ಲ." ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಇಬ್ರು ಹುಡುಗ್ರು ಹತ್ತಿದ್ರಂತೆ ಅದ್ರಲ್ಲಿ. ನೀರಿಗೆ ಇಳೀವಾಗ ಒಡೀತು. ನನ್ನಜ್ಜ ಸಾಯೂ ತನಕ ಆ ಇಬ್ರ ಹೆಸ್ರು ಹೇಳ್ಕಂಡು ತುಳಸಿಗೆ ನೀರು ಬಿಡ್ತಿದ್ದ. ಇಂಗ್ಲಿಷ್ ಹೆಸ್ರು. ಅವ್ನ ಬಾಯಲ್ಲಿ ಎಂತೆಂತದೋ ಆಗ್ತಿತ್ತು."

ವಿನುತಾಳಿಗೆ ಗೊತ್ತಿದ್ದ ಇನ್ನೊಂದು ಸಂಗತಿಯೆಂದರೆ, ಕಂಪನಿ ಆ ಸಾವಿನ ಹೊಣೆಯನ್ನು ಜಟ್ಟಿಯ ತಲೆಗೆ ಕಟ್ಟಿತ್ತು. ಮಾಸ್ತರ ಕಡತದಲ್ಲಿ ಆ ಹಳೆಯ ಪತ್ರದ ನಕಲು ಇತ್ತು. 'ಹಿಂದೂಸ್ತಾನದ ಬಡಗಿ ಹೊಟ್ಟೆಯನ್ನು ಗಿಡ್ಡ ಕತ್ತರಿಸಿದ್ದೇ ಕಾರಣ' ಎಂದು. ಆಮೇಲೆ ಕಂಪನಿಯವರು ಆ ನಂಬರನ್ನೇ ನುಂಗಿಬಿಟ್ಟರು. ಬೆಂಕಿ ಬೀಳುವ ಮೊದಲೇ ಹದಿನೇಳು ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಮಾಸ್ತರ ಊಹೆ.

"ಅಜ್ಜಿ, ಇದನ್ನ ಕೇಳಿ," ಎಂದು ವಿನುತಾ ಇಂಗ್ಲೆಂಡಿನಿಂದ ಬಂದ ಪತ್ರವನ್ನು ಕನ್ನಡ ಮಾಡಿ ಓದಿದಳು. ಸಂಘದವರಿಗೆ ಮಾಸ್ತರು ಸತ್ತ ಸುದ್ದಿ ತಿಳಿದಿರಲಿಲ್ಲ. ಅವರ ಮೊಬೈಲಿಗೇ ಕಳಿಸಿದ್ದರು. ನಿಮ್ಮ ಮಿತ್ರ ಗುರುದತ್ತ ಪ್ರಭುಗಳು ಮಂಗಳವಾರ ಕಳಿಸಿದ ಪಟ್ಟಿಯಿಂದ ಕೆಲಸ ಸಂಪೂರ್ಣವಾಯಿತು, ಅಭಿನಂದನೆ ಎಂದು ಬರೆದು ಪಟ್ಟಿಯನ್ನೂ ಲಗತ್ತಿಸಿದ್ದರು. "ಹದಿನೇಳು. ಹೊಟ್ಟೆಯ ಉದ್ದ ಇಪ್ಪತ್ತೆಂಟು ಅಡಿ ಒಂಬತ್ತು ಅಂಗುಲ. ಕಂಪನಿಯ ಆದೇಶದ ಮೇರೆಗೆ ಉದ್ದ ಕಡಿಮೆ ಮಾಡಿದ್ದು. ಬಡಗಿ ಜಟ್ಟಿಯ ತಪ್ಪಲ್ಲ."

ಅಜ್ಜಿ ಕಿವಿಯನ್ನು ಅವಳತ್ತ ವಾಲಿಸಿದಳು.

"ಇನ್ನೊಂದು ಸಲ ಓದು ಮಗಾ. ಕಡೀದು ಮಾತ್ರ."

"ಬಡಗಿ ಜಟ್ಟಿಯ ತಪ್ಪಲ್ಲ."

"ಆತು," ಎಂದಳು ಅಜ್ಜಿ.

"ಇದು ಆದೇಶ ಅಂತ ಕೋಲು ಹ್ಯಾಂಗೆ ಹೇಳ್ತದೆ ಅಜ್ಜಿ? ಅದ್ರಲ್ಲಿ ಬರೀ ಅಳತೆ ಅಲ್ಲವಾ?"

"ಅಳತೆ ಉದ್ದ ಗೀರು. ಯಜಮಾನ ಹಟ ಮಾಡಿ, ಕಟ್ಟುವವ್ನ ಮಾತು ಕೇಳದೆ ಅಳತೆ ಬದ್ಲು ಮಾಡ್ಸಿದ್ರೆ ಅದ್ರ ಮೇಲೆ ಒಂದು ಅಡ್ಡಗೀರು. ನಾಳೆ ದೋಣಿಗೆ ಎಂತಾದ್ರೂ ಆದ್ರೆ ಪಾಪ ಯಾರದ್ದು ಹೇಳಿ ಗೊತ್ತಾಗ್ಬೇಕಲ್ಲ."

"ಹಾಂಗಾದ್ರೆ ಹದಿನೇಳರಲ್ಲಿ ಅಡ್ಡಗೀರು ಇತ್ತಾ?"

"ಮುಚ್ಚಿದ್ದು ಯಾರಿಗೆ ಕಾಣ್ತದೆ?" ಎಂದು ಅಜ್ಜಿ ಮುಖ ತಿರುಗಿಸಿದಳು.

ಹರೀಶನ ಹೆಂಡತಿ ಕಲ್ಪನಾ ಚಹ ತಂದಿಟ್ಟಳು. ಮೂರು ದಿನದಿಂದ ನಿದ್ದೆಯಿಲ್ಲದ ಮುಖ. ವಿನುತಾ ವಾಡಿಕೆಯಂತೆ ಅವಳನ್ನೂ ಕೇಳಿದಳು. ಸೋಮವಾರ ಅಜ್ಜಿ ಮನೆಯಲ್ಲೇ ಇದ್ದಳಂತೆ. ಕಲ್ಪನಾ ತದಡಿಗೆ ಹೋಗಿದ್ದಳು, ತವರಿಗೆ. "ಅಮ್ಮಂಗೆ ಹುಷಾರಿರ್ಲಿಲ್ಲ. ಏಳೂವರೆಗೆ ಭಟ್ಕಳದಲ್ಲಿ ಬಸ್ ಇಳ್ದೆ ಮೇಡಂ," ಎಂದಳು. ವಿನುತಾ ಬರೆದುಕೊಂಡಳು. ಬಾಗಿಲ ಹಿಂದಿನ ಗೂಟಗಳಲ್ಲಿ ಉಳಿ, ಬಾಚಿ, ಗರಗಸ ತೂಗುತ್ತಿದ್ದವು. ಕೊಡತಿಯ ಗೂಟ ಖಾಲಿಯಿತ್ತು.

ಹೊರಡುವಾಗ ಅಜ್ಜಿ ಅವಳ ಮುಂಗೈ ಹಿಡಿದುಕೊಂಡಳು. "ಹರೀಶ ಮಾಡಿದ್ದಲ್ಲ ಮಗಾ. ಅದೊಂದು ನನಗೆ ಗೊತ್ತುಂಟು."

"ನನಗೂ ಗೊತ್ತುಂಟು ಅಜ್ಜಿ," ಎಂದಳು ವಿನುತಾ.

* * *

ಜೀಪು ಹೆದ್ದಾರಿ ಹಿಡಿದಾಗ ಗಂಟೆ ಎರಡು. ಕಾನ್‌ಸ್ಟೇಬಲ್ ನರೇಶ ಗಾಡಿ ಓಡಿಸುತ್ತಿದ್ದ. ಅವನಿಗೆ ಸುಮ್ಮನೆ ಕೂರಲು ಬರುವುದಿಲ್ಲ.

"ಒಂದು ನಂಬರಿಗೆ ಮನುಷ್ಯನ್ನ ಕೊಲ್ತಾರಾ ಮೇಡಂ? ಅದೂ ಒಡೆದುಹೋದ ವಿಮಾನದ ನಂಬರು."

"ಮಾಸ್ತರು ಹನ್ನೆರಡು ವರ್ಷ ಕಳೆದದ್ದು ಅದಕ್ಕೇ ಅಲ್ಲವೇನೋ? ಬದುಕೋದಕ್ಕೆ ಸಾಕಾಗುವಂಥದ್ದು ಕೊಲ್ಲೋದಕ್ಕೂ ಸಾಕು."

ಶಾನಭಾಗ ಮಾಸ್ತರು ವಿನುತಾಳಿಗೂ ಮಾಸ್ತರೇ. ಎಂಟನೆಯ ತರಗತಿಯಲ್ಲಿ ಒಂದು ಕೊಡಪಾನವನ್ನು ಮೇಜಿನ ಮೇಲಿಟ್ಟು, ಮೇಲಿನಿಂದ ಒಂದು, ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಂದು ಮೂರು ಚಿತ್ರ ಬರೆಸಿದ್ದರು. ವಿನುತಾ ಎರಡು ಬರೆದು, ಮೂರನೆಯದು ಹೇಗೂ ಎರಡನೆಯದರ ಹಾಗೆಯೇ ಇರುತ್ತದೆ ಎಂದು ನಕಲು ಮಾಡಿಟ್ಟಿದ್ದಳು. ಮಾಸ್ತರು ಬೈಯಲಿಲ್ಲ. ಕೊಡಪಾನವನ್ನು ಕಾಲು ಸುತ್ತು ತಿರುಗಿಸಿದರು. ಅತ್ತ ಕಡೆ ಒಂದು ದೊಡ್ಡ ನಗ್ಗು ಬಿದ್ದಿತ್ತು. ಇಡೀ ತರಗತಿ ನಕ್ಕಿತ್ತು. ಸೋಮವಾರ ರಾತ್ರಿ ಅವರ ತಲೆಯ ಕೆಳಗೆ ಹರಡಿದ್ದ ರಕ್ತದಲ್ಲಿ ಅಂಟಿಕೊಂಡಿದ್ದ ಪೆನ್ಸಿಲನ್ನು ಚೀಲಕ್ಕೆ ಹಾಕುವಾಗ ವಿನುತಾಳಿಗೆ ನೆನಪಾದದ್ದು ಆ ನಗ್ಗು. ಅವಳು ಅಳಲಿಲ್ಲ, ಅಳುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ ಅಂದಿನಿಂದ ಅವಳಿಗೆ ಅನ್ನ ರುಚಿಸುತ್ತಿಲ್ಲ.

"ಬರ್ಕೋ, ಇಲ್ಲ, ನೀನು ಗಾಡಿ ನೋಡು," ಎಂದು ಅವಳೇ ಕೇಸ್ ಡೈರಿ ತೆಗೆದಳು. ಕೋಲಿನ ಫೋಟೋವನ್ನು ಮಾಸ್ತರೇ ತೆಗೆದದ್ದು, ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ, ಅವರ ಮೇಜಿನ ಮೇಲೆ. ಆಗ ಹದಿನೇಳು ಮುಚ್ಚಿತ್ತು. ಡಾಕ್ಟರ ಪ್ರಕಾರ ಸಾವು ನಾಲ್ಕರಿಂದ ಆರರೊಳಗೆ. ಮಂಗಳವಾರ ಬೆಳಿಗ್ಗೆ ಗುರುದತ್ತ ಪ್ರಭುವಿನ ಪಟ್ಟಿಯಲ್ಲಿ ಹದಿನೇಳರ ಅಳತೆ, ಅಡ್ಡಗೀರಿನ ಅರ್ಥ, ಎರಡೂ ಇವೆ. ರಾಳ ಕೆರೆದು ತೆಗೆಯದೆ ಅವು ಸಿಗುವಂತಿಲ್ಲ. ಹರೀಶನಂಥ ದೋಣಿಮನೆಯವನು ಸತ್ತರೂ ಅದನ್ನು ಕೆರೆಯುವುದಿಲ್ಲ.

ಅವಳು ಕೊನೆಯ ಸಾಲನ್ನು ಒತ್ತಿ ಬರೆದಳು: 'ಹದಿನೇಳನೆಯ ಕಚ್ಚನ್ನು ತೆರೆದ ಕೈಯೇ ಕೊಲೆಗಾರನ ಕೈ.'

ಅದರ ಫೋಟೋ ತೆಗೆದು ಸರ್ಕಲ್ ಸಾಹೇಬರಿಗೆ ಕಳಿಸಿ, ಫೋನನ್ನೂ ಮಾಡಿದಳು. ಸಾಹೇಬರು ಎರಡು ಸಲ ಓದಿಸಿಕೊಂಡರು. "ತರ್ಕ ಸರಿ ಇದೆ," ಎಂದರು. "ಆತು. ಐದು ಗಂಟೆಗೆ ನಾನೇ ಕೋರ್ಟಿಗೆ ಬರ್ತೇನೆ. ತೆರೆದ ಕೈ ಯಾರದ್ದು ಅಂತ ತೋರ್ಸು, ಹರೀಶನ ಮೇಲಿನದ್ದು ಬಿಡುವಾ. ನಿನ್ನ ಮಾತಿನ ಮೇಲೆ ನಿಲ್ತೇನೆ, ನೆನಪಿರ್ಲಿ."

* * *

ಗುರುದತ್ತ ಪ್ರಭುವಿನ ಮನೆ ಹೊನ್ನಾವರದಲ್ಲಿ ಶರಾವತಿಯ ದಡಕ್ಕೆ ತಾಗಿಕೊಂಡಿತ್ತು. ಮುಂಬೈಯಲ್ಲಿ ಮೂವತ್ತು ವರ್ಷ ಹಳೆಯ ಯಂತ್ರಗಳ ವ್ಯಾಪಾರ ಮಾಡಿ ಊರಿಗೆ ಮರಳಿ, ಮಾಸ್ತರ ನಂಬರಿನ ಹುಚ್ಚಿಗೆ ಜೊತೆಯಾದ ಮನುಷ್ಯ. ಮಾಳಿಗೆಯ ಕೋಣೆಯ ಗೋಡೆಗೆ ಮರದ ಪ್ರೊಪೆಲ್ಲರ್ ಒಂದನ್ನು ತೂಗುಹಾಕಿದ್ದ. ದಿನಾ ಒರೆಸುತ್ತಾನೆಂದು ಕಾಣುತ್ತದೆ, ಮಿರಿಮಿರಿ ಮಿಂಚುತ್ತಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಎಂತ ಕುಡೀತ್ರಿ?"

"ಏನೂ ಬೇಡ. ಕೋಲು ಎಲ್ಲಿದೆ?"

"ಮಂಗಳವಾರವೇ ಹೇಳಿದ್ದೆನಲ್ಲ. ಕೋಲು ಕಣ್ಣಲ್ಲಿ ಕಂಡು ತಿಂಗಳ ಮೇಲಾತು. ಮಾಸ್ತರು ನಂಗೆ ಮುಟ್ಲಿಕ್ಕೆ ಕೊಡ್ತಿರ್ಲಿಲ್ಲ."

"ಮುಟ್ಟಿದ್ರೆ ಏನು ಮಾಡ್ತಿದ್ರಿ?"

"ಹದಿನೇಳು ತೆರೀತಿದ್ದೆ," ಎಂದ ಪ್ರಭು, ಮುಚ್ಚುಮರೆಯಿಲ್ಲದೆ. "ನಾನು ಅವರಿಗೆ ಹೇಳಿದ್ದೇ. ಜಗತ್ತಿನಲ್ಲಿ ಇರೋ ಒಂದೇ ಒಂದು ಪುರಾವೆ ಮೇಲೆ ರಾಳ ಮೆತ್ತಿಟ್ಟು ಪೂಜೆ ಮಾಡೂದು ಎಂತ ವಿದ್ಯೆ? ಅವರು ಕೇಳ್ಲಿಲ್ಲ. ಸಂಘಕ್ಕೆ ಪಟ್ಟಿ ಕಳ್ಸುವಾಗ ಹದಿನೇಳರ ಎದುರು 'ಮುಚ್ಚಿದೆ' ಅಂತಲೇ ಬರೀತೇನೆ ಅಂದ್ರು. ಹನ್ನೆರಡು ವರ್ಷದ ಕೆಲಸ ಮೇಡಂ. ಕಡೇ ಒಂದು ಸಾಲಿಗೆ ಬಂದು ಹಟ."

"ಅದಕ್ಕೆ ಅವರನ್ನ ತೆಗೆದ್ರಿ."

ಪ್ರಭು ನಕ್ಕ. ನಗು ಬೇಗ ಆರಿತು.

ವಿನುತಾ ಮೂರು ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಮಾಸ್ತರ ಫೋಟೋ, ಡಾಕ್ಟರ ವರದಿ, ಇಂಗ್ಲೆಂಡಿಗೆ ಹೋದ ಪಟ್ಟಿ. "ನಾಲ್ಕು ಗಂಟೆಗೆ ಮುಚ್ಚಿದ್ದ ಕಚ್ಚು ಮರುದಿನ ಬೆಳಿಗ್ಗೆ ನಿಮ್ಮ ಪಟ್ಟಿಯಲ್ಲಿ ತೆರೆದಿದೆ. ನಡುವೆ ಒಂದು ಹೆಣ ಬಿದ್ದಿದೆ. ನೀವೇ ಹೇಳಿ, ನಾನು ಏನು ತಿಳ್ಕೊಳ್ಳಲಿ?"

"ಅಳತೆ ನಾನು ಅಂದಾಜಿನಲ್ಲಿ..."

"ಅಂದಾಜು ಇಪ್ಪತ್ತೆಂಟು ಅಡಿ ಆಗ್ತಿತ್ತು, ಇಲ್ಲ ಇಪ್ಪತ್ತೊಂಬತ್ತು ಆಗ್ತಿತ್ತು. ನೀವು ಬರೆದದ್ದು ಇಪ್ಪತ್ತೆಂಟು ಅಡಿ ಒಂಬತ್ತು ಅಂಗುಲ. ಮೊಳಕ್ಕೆ ಹದಿನೆಂಟು ಅಂಗುಲ, ಬೆರಳಿಗೆ ಮುಕ್ಕಾಲು. ಲೆಕ್ಕ ಹಾಕಿದೆ ನಾನು. ಹತ್ತೊಂಬತ್ತು ಮೊಳ ನಾಲ್ಕು ಬೆರಳು, ಒಂದು ಕೂದಲೂ ಹೆಚ್ಚುಕಮ್ಮಿಯಿಲ್ಲ. ಕೋಲು ನೋಡದೆ ಇದು ಬರೂದಿಲ್ಲ ಪ್ರಭುಗಳೇ. ಅಡ್ಡಗೀರು ನೋಡದೆ 'ಆದೇಶದ ಮೇರೆಗೆ' ಅನ್ನೋದೂ ಬರೂದಿಲ್ಲ."

ಕಿಟಕಿಯ ಹೊರಗೆ ಮರಳಿನ ದೋಣಿಯೊಂದು ನಿಧಾನ ಸಾಗುತ್ತಿತ್ತು. ಪ್ರಭು ಅದನ್ನೇ ನೋಡುತ್ತ ಕುಳಿತ.

"ನರೇಶಾ," ಎಂದಳು ವಿನುತಾ, "ಪ್ರಭುಗಳ ಹೇಳಿಕೆ ಬರ್ಕೋ."

"ಹರೀಶ ಒಳಗಿದ್ದಾನಲ್ಲ ಮೇಡಂ," ಎಂದ ಪ್ರಭು ಮೆಲ್ಲಗೆ. "ಅವನೇ ಅಂತ ಪೇಪರಿನಲ್ಲೂ ಬಂತು. ಅದಕ್ಕೇ ನಾನು ಸುಮ್ಮನಿದ್ದೆ."

"ಅವನು ಇವತ್ತು ಬಿಡುಗಡೆ ಆಗ್ತಾನೆ. ಆ ಜಾಗಕ್ಕೆ ನೀವು ಬರ್ತೀರಿ."

ಆ ಮಾತು ನಾಟಿತು. ಪ್ರಭು ಕುರ್ಚಿಯ ಕೈ ಹಿಡಿದು ಎದ್ದು, ಮತ್ತೆ ಕುಳಿತ. "ನಾನು ತೆರೀಲಿಲ್ಲ. ದೇವ್ರಾಣೆ ನಾನು ತೆರೀಲಿಲ್ಲ. ನಂಗೆ ತೆರೆದದ್ದೇ ಬಂತು."

"ಏನು ಬಂತು?"

"ಫೋಟೋ. ಸೋಮವಾರ ರಾತ್ರಿ. ನಾನು ಹರೀಶನ ಮನೆಯವರಿಗೆ ಒಂದೇ ಮಾತು ಹೇಳಿದ್ದು. ನಿಮ್ಮ ಅಜ್ಜನ ಮೇಲೆ ಕಂಪನಿ ಕೊಲೆಯ ಪಾಪ ಹೊರ್ಸಿದೆ, ಇಂಗ್ಲೆಂಡಿನಲ್ಲಿ ಪುಸ್ತಕ ಬಂದ್ರೆ ಹಾಂಗೇ ಅಚ್ಚಾಗ್ತದೆ, ಪ್ರಪಂಚ ಇರೂ ತನಕ ಹಾಂಗೇ ಉಳೀತದೆ. ಒಳಗೆ ಅಡ್ಡಗೀರು ಇದ್ರೆ ಅವನ ಹೆಸರು ಶುದ್ಧ ಆಗ್ತದೆ. ಮಾಸ್ತರು ತೆರೆಯೂಕೆ ಬಿಡೂದಿಲ್ಲ ಅಂದೆ. ಅಷ್ಟೇ ಅಂದದ್ದು. ಹರೀಶ ಭಾನುವಾರ ಕುಮಟೆ ಬಸ್ಟ್ಯಾಂಡಿನಲ್ಲಿ ಮಾಸ್ತರ ಹತ್ರ ಕೋಲು ಕೊಡಿ ಅಂತ ಕೂಗಾಡಿದ್ದು ಅದಕ್ಕೇ."

ಹರೀಶ ಜಗಳ ತೆಗೆದದ್ದು ಕೋಲು ಮಾರಿಕೊಳ್ಳಲು ಎಂದು ಇಡೀ ಬಸ್ಟ್ಯಾಂಡು ಸಾಕ್ಷಿ ಹೇಳಿತ್ತು. ವಿನುತಾಳೂ ಹಾಗೆಯೇ ಬರೆದಿದ್ದಳು.

"ಫೋಟೋ ತೋರ್ಸಿ."

ಪ್ರಭು ಮೊಬೈಲು ತೆಗೆದ. ಎರಡು ಸಲ ಗುಪ್ತಸಂಖ್ಯೆ ತಪ್ಪಿತು. ಕೊನೆಗೆ ತೆರೆದು ಅವಳ ಮುಂದೆ ಇಟ್ಟ.

ಸಿಮೆಂಟು ನೆಲದ ಮೇಲೆ ಜಟ್ಟಿಯ ಕೋಲು. ಹದಿನೇಳನೆಯ ಕಚ್ಚು ತೆರೆದಿತ್ತು. ಕೆರೆದ ರಾಳದ ಕಪ್ಪು ಪುಡಿ ಪಕ್ಕದಲ್ಲೇ ಚೆಲ್ಲಿತ್ತು. ಒಳಗಿನ ಬಿಳಿಮರದಲ್ಲಿ ಉದ್ದದ ಗೀರುಗಳು, ಅವುಗಳ ಮೇಲೆ ಓರೆಯಾಗಿ ಆಳವಾದ ಒಂದು ಅಡ್ಡಗೀರು. ಸಿಟ್ಟಿನಲ್ಲಿ ಎಳೆದದ್ದು ಎಂದು ನೂರು ವರ್ಷದ ಮೇಲೂ ತಿಳಿಯುತ್ತಿತ್ತು. ಜಟ್ಟಿ ತಪ್ಪು ಮಾಡಿರಲಿಲ್ಲ.

ಆ ಗೀರನ್ನು ತೋರಿಸುತ್ತ ಒಂದು ಹೆಬ್ಬೆರಳು ಚಾಚಿಕೊಂಡಿತ್ತು. ಅದರ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು.

ವಿನುತಾ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಚಿಕ್ಕದು ಮಾಡಿ ನೋಡಿದಳು. ಬೇರೆಯಾಗಿ ಕಾಣಲಿಲ್ಲ. ಕಳಿಸಿದವರ ಹೆಸರು ಮೇಲೆಯೇ ಇತ್ತು, 'ತೆಂಗಿನಗುಂಡಿ ಕಲ್ಪನಾ'. ಸಮಯ ಸೋಮವಾರ ರಾತ್ರಿ ಎಂಟು ಹತ್ತು. ಏಳೂವರೆಗೆ ಭಟ್ಕಳದಲ್ಲಿ ಬಸ್ ಇಳ್ದೆ ಮೇಡಂ, ಎಂದಿದ್ದಳು ಕಲ್ಪನಾ. ತದಡಿಯಿಂದ ಬರುವವರು ಕುಮಟೆಯಲ್ಲಿ ಬಸ್ ಬದಲಾಯಿಸಲೇಬೇಕು. ಕಲ್ಪನಾಳ ಆ ಮಾತನ್ನು ಬರೆದುಕೊಂಡ ಹಾಳೆ ವಿನುತಾಳ ಅಂಗಿಯ ಜೇಬಿನಲ್ಲೇ ಇತ್ತು.

"ಮಂಗಳವಾರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಫೋಟೋ ಸಾಕ್ಷಿ ಅಂತ ನೀವು ತಕ್ಕೊಳ್ತಿದ್ರಿ. ಕೊಲೆಯಾದ ಮನೆಯ ಮಾಲು ಅಂತ ಸಂಘದವರು ಪಟ್ಟಿಯನ್ನೇ ಬೇಡ ಅಂತಿದ್ರು." ಪ್ರಭು ತಲೆ ತಗ್ಗಿಸಿದ. "ನಾನು ಹೇಡಿ ಮೇಡಂ. ಕೊಲೆಗಾರ ಅಲ್ಲ."

ವಿನುತಾಳಿಗೆ ಅವನ ಮೇಲೆ ಅಸಹ್ಯ ಹುಟ್ಟಿತು. ಆದರೆ ಅವನು ಹೇಳಿದ್ದು ನಿಜವಿತ್ತು. ಅದೇ ದೊಡ್ಡ ಕಷ್ಟ.

"ಫೋಟೋ ಕೆಳಗೆ ಇನ್ನೊಂದು ಬಂದಿತ್ತು," ಎಂದ ಅವನು. "ಮಾತು. ಆ ರಾತ್ರಿ ಕೇಳಿದಾಗ ನಂಗೆ ಅರ್ಥ ಆಗಿರ್ಲಿಲ್ಲ."

ಅವನು ಒತ್ತಿದ. ಮೊದಲು ಸಮುದ್ರದ ಮೊರೆತ, ಆಮೇಲೆ ಕಾಳಿಯಜ್ಜಿಯ ದನಿ. ಮಧ್ಯಾಹ್ನ ಮುಂಗೈ ಹಿಡಿದು ಮಾತಾಡಿದ ಅದೇ ದನಿ, ಅಷ್ಟೇ ಸಮಾಧಾನ.

"ತೆರೆದಾತು. ಅಡ್ಡಗೀರು ಉಂಟು. ನನ್ನಜ್ಜನ ಹೆಸ್ರು ಸಮಾ ಬರೀರಿ. ಬೇಡ ಹೇಳೂಕೆ ಮಾಸ್ತರು ಇನ್ನಿಲ್ಲ."

ಅದರ ಹಿಂದೆ, ದೂರದಲ್ಲಿ, ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವ ಸದ್ದು. ಹೆಣ್ಣೋ ಗಂಡೋ ತಿಳಿಯಲಿಲ್ಲ.

ಮಾಸ್ತರ ಹೆಣ ಪಕ್ಕದ ಮನೆಯವರ ಕಣ್ಣಿಗೆ ಬಿದ್ದದ್ದು ಆ ರಾತ್ರಿ ಎಂಟೂವರೆಗೆ. ಎಂಟು ಹತ್ತಕ್ಕೆ ಅವರು ಸತ್ತ ಸಂಗತಿ ಗೊತ್ತಿರಲು ಸಾಧ್ಯವಿದ್ದದ್ದು ಕೊಂದ ಒಬ್ಬರಿಗೆ, ಇಲ್ಲವೆ ಆ ಒಬ್ಬರು ಮನೆಗೆ ಬಂದು ಯಾರ ಮಡಿಲಲ್ಲಿ ಕೋಲನ್ನು ಹಾಕಿದರೋ ಅವರಿಗೆ.

ಹರೀಶ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದ ವಿನುತಾಳಿಗೆ ಈಗ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನು ಬೇಡಿಗೆ ಕೈ ಚಾಚಿದ್ದು ಸೋತಲ್ಲ. ಮನೆಯಿಂದ ಹೋಗುವುದು ತನ್ನದೊಂದೇ ಜೋಡಿ ಕೈಯಾಗಲಿ ಎಂದು ಚಾಚಿದ್ದ.

ಮತ್ತೆ ಸೋಮವಾರ ಮನೆಯಲ್ಲೇ ಇದ್ದ ಆ ಮುದುಕಿ? ಮಧ್ಯಾಹ್ನ ಕಚ್ಚಿನ ಕಟ್ಟಳೆಯನ್ನು ಬಿಡಿಸಿ ಬಿಡಿಸಿ ಹೇಳಿದವಳು ಅವಳೇ. ಯಾರೂ ತೆರೆಯೂದಲ್ಲ ಎಂದವಳೂ ಅವಳೇ. ತೆರೆದ ಕೈಯನ್ನೇ ಹುಡುಕಿಕೊಂಡು ವಿನುತಾ ಹೋಗುವಂತೆ ದಾರಿ ತೋರಿಸಿದಳೋ, ಇಲ್ಲ ಆ ಕೈಯನ್ನು ಮರೆಮಾಡಿದಳೋ? ಮೊಮ್ಮಗನನ್ನು ಬಿಡಿಸಲು ತನ್ನನ್ನೇ ಒಪ್ಪಿಸಿಕೊಂಡಳೋ, ಅಥವಾ ತನ್ನ ಬೆನ್ನ ಹಿಂದೆ ಅಳುತ್ತಿದ್ದವರನ್ನು ಉಳಿಸಲು ಹೆಬ್ಬೆರಳನ್ನು ಮುಂದೆ ಚಾಚಿದಳೋ? ಮಾಸ್ತರು ಇದ್ದಿದ್ದರೆ ಕೊಡಪಾನವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು.

"ಮೇಡಂ," ಎಂದ ನರೇಶ. ಅವನ ಪೆನ್ನು ಕಾಗದದ ಮೇಲೆ ನಿಂತುಹೋಗಿತ್ತು. "ಇದನ್ನ ಬರ್ಕೊಳ್ಳೂದಾ?"

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕುಮಟೆಗೆ ಇಲ್ಲಿಂದ ಅರ್ಧ ಗಂಟೆ.

ಅಷ್ಟರಲ್ಲಿ ವಿನುತಾಳ ಜೇಬಿನಲ್ಲಿ ಫೋನು ಗುರುಗುಟ್ಟಿತು. ಸರ್ಕಲ್ ಸಾಹೇಬರು. ದನಿಯಲ್ಲಿ ಎಂದೂ ಇಲ್ಲದ ಉತ್ಸಾಹ.

"ವಿನುತಾ, ಕೋರ್ಟಿಗೆ ಹೊರಟೆ. ನೀನು ಬರೆದದ್ದನ್ನ ಸರ್ಕಾರಿ ವಕೀಲರಿಗೂ ತೋರ್ಸಿದೆ. ತೆರೆದ ಕೈಯೇ ಕೊಲೆಗಾರನ ಕೈ ಅಂತ ಒಪ್ಕೊಂಡ್ರು. ಇನ್ನು ಹಿಂದೆ ಮುಂದೆ ಮಾಡೂ ಹಾಂಗಿಲ್ಲ. ಸಿಕ್ತಾ?"

"ಸಿಕ್ತು ಸರ್," ಎಂದಳು ವಿನುತಾ. ಮೇಜಿನ ಮೇಲಿನ ಮೊಬೈಲಿನಲ್ಲಿ ಆ ಸೀಳಿದ ಉಗುರು ಇನ್ನೂ ಅಡ್ಡಗೀರನ್ನು ತೋರಿಸುತ್ತಲೇ ಇತ್ತು.

"ಭೇಷ್," ಎಂದರು ಸಾಹೇಬರು. "ಯಾರದ್ದು, ಹೆಸರು ಹೇಳು. ಬರ್ಕೊಳ್ತೇನೆ."